ಗುಪ್ತಲಿಪಿಯೂ ಸತ್ಯಾಣುವ್ರತವೂ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯವು ಬಳಸಿದ ‘ಎನಿಗ್ಮಾ’ ಎಂಬ ಗುಪ್ತಲಿಪಿಯ ಯಂತ್ರವು 1923ರಲ್ಲಿ ಮಾರುಕಟ್ಟೆಗೆ ಬಂದಾಗ, ಅದನ್ನು ವ್ಯಾಪಾರಿ ಸಂಸ್ಥೆಗಳಿಗೂ ಬ್ಯಾಂಕುಗಳಿಗೂ ಮಾರುವ ಉದ್ದೇಶವಿತ್ತು. ವರ್ತಕನ ಗುಟ್ಟನ್ನು ಕಾಯಬೇಕಾದ ಸಾಧನವು ಕೆಲವೇ ವರ್ಷಗಳಲ್ಲಿ ಸೇನಾಪತಿಗಳ ಕೈಸೇರಿತು. ವರ್ತಕನಾದ ನನಗೆ ಈ ಸಂಗತಿಯು ಬಹುಕಾಲದಿಂದ ಮನಸ್ಸಿನಲ್ಲಿ ಉಳಿದುಕೊಂಡಿದೆ.

ಯಂತ್ರದ ಒಂದು ಕೀಲಿಯನ್ನು ಒತ್ತಿದರೆ ಒಳಗಿನ ಚಕ್ರಗಳು ತಿರುಗಿ ಬೇರೊಂದು ಅಕ್ಷರವು ಬೆಳಗುತ್ತಿತ್ತು. 1932ರ ಡಿಸೆಂಬರ್‌ನಲ್ಲಿ ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ ಇದರ ಒಳರಚನೆಯನ್ನು ಗಣಿತದಿಂದಲೇ ಕಂಡುಹಿಡಿದನು. 1939ರ ಜುಲೈಯಲ್ಲಿ ಪೋಲಿಷರು ತಮ್ಮ ವಿದ್ಯೆಯನ್ನು ಬ್ರಿಟಿಷರಿಗೂ ಫ್ರೆಂಚರಿಗೂ ಒಪ್ಪಿಸಿದರು. ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮೊದಲಾದವರು ಅದನ್ನು ಮುಂದುವರಿಸಿದರು. ಯಂತ್ರದಲ್ಲಿ ಒಂದು ದೋಷವಿತ್ತು: ಯಾವ ಅಕ್ಷರವೂ ತಾನೇ ಆಗಿ ಹೊರಬರುತ್ತಿರಲಿಲ್ಲ. ಬಳಸುವವರಲ್ಲಿಯೂ ಒಂದು ದೋಷವಿತ್ತು: ಹವಾಮಾನದ ವರದಿಯನ್ನು ದಿನವೂ ಅದೇ ಪದಗಳಲ್ಲಿ ಕಳುಹಿಸುತ್ತಿದ್ದರು. ತಿಳಿದ ಪದವನ್ನು ತಿಳಿಯದ ಅಕ್ಷರಗಳ ಕೆಳಗೆ ಇಟ್ಟು ನೋಡಿದಾಗ ಗುಟ್ಟು ಬಿಚ್ಚಿಕೊಳ್ಳುತ್ತಿತ್ತು.

ಈ ಉಪಾಯವನ್ನು ಓದಿದಾಗ ನಾನು ನಾಚಿದೆನು. ಬಿ.ಕಾಂ. ಮುಗಿಸಿ ತಂದೆಯವರ ಬಟ್ಟೆಯಂಗಡಿಯಲ್ಲಿ ಕುಳಿತ ಹೊಸತರಲ್ಲಿ ನಾನೂ ಅದನ್ನೇ ಮಾಡಿದ್ದೆನು. ಹುಬ್ಬಳ್ಳಿಯ ಪೇಟೆಯಲ್ಲಿ ಅಸಲು ಬೆಲೆಯನ್ನು ಚೀಟಿಯ ಮೇಲೆ ಅಂಕೆಗಳ ಬದಲು ಅಕ್ಷರಗಳಲ್ಲಿ ಬರೆಯುವ ರೂಢಿಯಿತ್ತು. ಹತ್ತು ಅಕ್ಷರ, ಹತ್ತು ಅಂಕೆ. ನೆರೆಯಂಗಡಿಯ ಹಿರಿಯರು ನಾವು ತರಿಸುತ್ತಿದ್ದ ಮಿಲ್ಲಿನ ಧೋತರಗಳನ್ನೇ ತರಿಸುತ್ತಿದ್ದರು. ಅವುಗಳ ಅಸಲು ನನಗೆ ಗೊತ್ತಿತ್ತು. ನಾಲ್ಕಾರು ಚೀಟಿಗಳನ್ನು ನೋಡುವಷ್ಟರಲ್ಲಿ ಅವರ ಹತ್ತೂ ಅಕ್ಷರಗಳು ನನ್ನವಾದವು. ಅಷ್ಟಕ್ಕೇ ನಿಲ್ಲದೆ, ಅವರ ಗಿರಾಕಿಗಳನ್ನು ಕರೆದು ಪ್ರತಿಯೊಂದು ಸೀರೆಯ ಮೇಲೆ ಅವರು ಇಟ್ಟ ಲಾಭವನ್ನು ಹೇಳತೊಡಗಿದೆನು. ಆ ವರ್ಷ ದೀಪಾವಳಿಯಲ್ಲಿ ಅವರ ಅಂಗಡಿ ಬರಿದಾಗಿತ್ತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕೊನೆಯದು ಸಾಕಾರಮಂತ್ರಭೇದ. ಅನ್ಯರ ಮನದೊಳಗಿನ ಗುಟ್ಟನ್ನು ಅವರ ಚರ್ಯೆಯಿಂದ, ಕುರುಹುಗಳಿಂದ ಊಹಿಸಿ ತಿಳಿದು, ಅಸೂಯೆ ಮೊದಲಾದ ಕಾರಣಗಳಿಂದ ಹೊರಗೆಡಹುವುದೆಂದು ಅದರ ಅರ್ಥ. ನಾನು ಒಂದು ಸುಳ್ಳನ್ನೂ ಆಡಿರಲಿಲ್ಲ; ಆದರೂ ಸತ್ಯವ್ರತವು ಕೆಟ್ಟಿತ್ತು.

ಹಾಗಾದರೆ ಬ್ಲೆಚ್ಲಿ ಪಾರ್ಕಿನವರೂ ಇದೇ ದೋಷಕ್ಕೆ ಒಳಗಾದರೆ? 1942ರ ಅಕ್ಟೋಬರ್ 30ರಂದು ಪೂರ್ವ ಮೆಡಿಟರೇನಿಯನ್ನಿನಲ್ಲಿ ಮುಳುಗುತ್ತಿದ್ದ ಜರ್ಮನ್ ಸಬ್‌ಮೆರೀನಿಗೆ ಇಳಿದು, ಸಂಕೇತಪುಸ್ತಕಗಳನ್ನು ಮೇಲಕ್ಕೆ ಕೊಟ್ಟ ಫ್ಯಾಸನ್ ಮತ್ತು ಗ್ರೇಜಿಯರ್ ಎಂಬ ನಾವಿಕರು ಅದರೊಡನೆಯೇ ಮುಳುಗಿ ಸತ್ತರು. ಆ ಪುಸ್ತಕಗಳ ನೆರವಿನಿಂದ, ಸುಮಾರು ಹತ್ತು ತಿಂಗಳು ಓದಲಾಗದಿದ್ದ ಅಟ್ಲಾಂಟಿಕ್ ಸಬ್‌ಮೆರೀನ್‌ಗಳ ಸಂದೇಶಗಳು ಡಿಸೆಂಬರಿನಲ್ಲಿ ಮತ್ತೆ ತೆರೆದುಕೊಂಡವು. ಅಪಾಯವಿದ್ದ ದಾರಿಯನ್ನು ಬಿಡಿಸಿ ಹಡಗುಗಳನ್ನು ಬೇರೆಡೆಗೆ ಸಾಗಿಸಿದಾಗ ಎಷ್ಟೋ ಪ್ರಾಣಗಳು ಉಳಿದವು. ಅದೇ ತಿಳಿವಳಿಕೆಯಿಂದ ಸಬ್‌ಮೆರೀನ್‌ಗಳನ್ನು ಬೆನ್ನಟ್ಟಿ ಮುಳುಗಿಸಿದ್ದೂ ಉಂಟು, ಅವುಗಳಲ್ಲಿದ್ದವರೂ ಮನುಷ್ಯರೇ. ವಿರೋಧಿ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಾದರೂ ಅದು ಹಿಂಸೆಯಲ್ಲವೆಂದು ನಮ್ಮ ಆಚಾರ್ಯರು ಹೇಳಿಲ್ಲ. ಆದರೆ ಅಲ್ಲಿ ದುಡಿದ ಸಾವಿರಾರು ಮಂದಿಯಲ್ಲಿ ಹೆಚ್ಚಿನವರು ಹೆಂಗಸರು; 1974ರಲ್ಲಿ ಗ್ರಂಥವೊಂದು ಈ ವಿಷಯವನ್ನು ಬಯಲಿಗೆ ತರುವವರೆಗೆ ಅವರು ಮನೆಯವರೊಡನೆಯೂ ಬಾಯಿ ಬಿಡಲಿಲ್ಲ. ತಿಳಿದದ್ದನ್ನು ಕೀರ್ತಿಗಾಗಿ ಆಡಲಿಲ್ಲ. ನಾನಾದರೋ ಎರಡು ಕಾಸಿನ ಲಾಭಕ್ಕಾಗಿ ಆಡಿದೆನು.

ಅನೇಕ ವರ್ಷಗಳ ತರುವಾಯ, ಒಂದು ಕ್ಷಮಾವಣಿಯ ದಿನ ಆ ಹಿರಿಯರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಚೀಟಿ ಓದಿದ್ದು ನಿನ್ನ ಶ್ಯಾಣ್ಯಾತನ, ತಮ್ಮಾ. ಆದರ ಅದನ್ನ ನನ್ನ ಗಿರಾಕಿಗೆ ಯಾಕ ಹೇಳಿದಿ?” ಎಂದರು.

ಸೂತ್ರಕಾರರು ಕೇಳಿದ ಪ್ರಶ್ನೆಯೂ ಅದೇ. ಕ್ಷಮೆಯನ್ನು ಅವರು ಕೊಟ್ಟರು. ಉತ್ತರವನ್ನು ಮಾತ್ರ ನಾನು ಇಂದಿಗೂ ಕೊಡಲಾರದವನಾಗಿದ್ದೇನೆ.