ಇಲಿ ಕಡಿದ್ರೆ ವಾರಂಟಿ ಬರುತ್ತಾ?

ಮೊದಲೇ ಹೇಳಿಬಿಡ್ತೀವಿ, ಈ ಬರಹದಲ್ಲಿ ‘ನಾನು’ ಅಂತ ಬರೆಯೋಕೆ ಆಗಲ್ಲ. ಕಾರು ತಗೊಂಡಿದ್ದು ನಾವು. ನಾವು ಅಂದ್ರೆ ಚಳ್ಳಕೆರೆಯ ಒಂದು ಮನೆ, ಮೊಳಕಾಲ್ಮೂರಿನ ಒಂದು ಮನೆ, ಎರಡೂ ಸೇರಿ ಎಂಟು ಜನ. ಚಳ್ಳಕೆರೆಯಲ್ಲಿ ಅಪ್ಪ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೀತಾರೆ. ಮೊಳಕಾಲ್ಮೂರಿನಲ್ಲಿ ದೊಡ್ಡಪ್ಪ ರೇಷ್ಮೆ ಸೀರೆ ನೇಯ್ತಾರೆ, ಅಜ್ಜ ಅಜ್ಜಿ ಅಲ್ಲೇ ಇದಾರೆ. ಅಜ್ಜನನ್ನ ತಿಂಗಳಿಗೊಂದು ಸಲ ಬಳ್ಳಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಬಸ್ಸಲ್ಲಿ ಅವರಿಗೆ ಆಗಲ್ಲ, ಬಾಡಿಗೆ ಕಾರಿಗೆ ಕೊಟ್ಟು ಕೊಟ್ಟು ನಮಗೆ ಆಗಲ್ಲ. ಹಂಗಾಗಿ ಡೌನ್ ಪೇಮೆಂಟ್ ಎರಡೂ ಮನೆಯದು, ಸಾಲ ಅಪ್ಪನ ಹೆಸರಲ್ಲಿ, ಒಂದು ಸಣ್ಣ ಪೆಟ್ರೋಲ್ ಕಾರು. ನಮ್ಮ ವಂಶದಲ್ಲೇ ಮೊದಲನೇದು.

ಡೆಲಿವರಿ ದಿನ ಚಿತ್ರದುರ್ಗದ ಶೋರೂಮಿನಲ್ಲಿ ಹಾರ ಹಾಕಿ, ಕಾಯಿ ಒಡೆದು, ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ನಾವಿನ್ನೂ ಹಲ್ಲು ಬಿಟ್ಕೊಂಡು ನಿಂತಿದ್ದಾಗಲೇ ಸೇಲ್ಸ್‌ನವರು ಒಂದು ಹಾಳೆ ಮುಂದೆ ಇಟ್ಟರು. ಎಕ್ಸ್‌ಟೆಂಡೆಡ್ ವಾರಂಟಿ. ಕಂಪನಿ ಕೊಡೋದು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲು ಮುಗಿಯುತ್ತೋ ಅಲ್ಲಿವರೆಗೆ. ಅದರ ಮೇಲೆ ಇನ್ನೂ ಎರಡು ವರ್ಷ ಬೇಕಂದ್ರೆ 13,400 ರೂಪಾಯಿ.

“ಲೋನ್‌ಗೇ ಸೇರಿಸಿಬಿಡ್ತೀವಿ ಸರ್, ತಿಂಗಳಿಗೆ ಬರೀ ಇನ್ನೂರ ಎಂಭತ್ತು ಜಾಸ್ತಿ ಆಗುತ್ತೆ ಅಷ್ಟೇ” ಅಂದರು.

ಅಮ್ಮ ಒಂದೇ ಪ್ರಶ್ನೆ ಕೇಳಿದರು. “ಇಲಿ ವೈರ್ ಕಡಿದ್ರೆ ಬರುತ್ತೇನಪ್ಪಾ?”

ಅವರು ನಕ್ಕರು. ಅಮ್ಮ ನಗಲಿಲ್ಲ. ನಮ್ಮ ಬೀದಿಯ ಆ ತುದಿಯಲ್ಲಿ ಶೇಂಗಾ ಗೋಡೌನ್ ಇದೆ. ಚಳ್ಳಕೆರೆಯನ್ನ ಎಣ್ಣೆ ನಗರ ಅಂತ ಎಲ್ಲರೂ ಕರೀತಾರೆ, ಆ ಎಣ್ಣೆಗೆ ಮುಂಚೆ ಬರೋ ಇಲಿಗಳ ಬಗ್ಗೆ ಯಾರೂ ಮಾತಾಡಲ್ಲ. ಉತ್ತರ ಏನಂದ್ರೆ, ಬರಲ್ಲ. ಇಲಿ ಕಡಿದಿದ್ದು ತಯಾರಿಕೆಯ ದೋಷ ಅಲ್ಲ, ಅದಕ್ಕೂ ವಾರಂಟಿಗೂ ಸಂಬಂಧ ಇಲ್ಲ. ವಿಮೆಯಲ್ಲಿ ಸಿಗುತ್ತಾ ಅನ್ನೋದು ಪಾಲಿಸಿ ಮೇಲೆ ಹೋಗುತ್ತೆ. ಅಲ್ಲಿವರೆಗೆ ನಮ್ಮ ಮನೇಲಿ ವಿಮೆ, ವಾರಂಟಿ ಎರಡೂ ಒಂದೇ ಅಂದ್ಕೊಂಡಿದ್ದರು. ಗುದ್ದಿದ್ರೆ ವಿಮೆ, ತಾನಾಗೇ ಕೆಟ್ರೆ ವಾರಂಟಿ ಅಂತ ಅವತ್ತು ಗೊತ್ತಾಯ್ತು.

“ಯೋಚನೆ ಮಾಡಿ ಹೇಳ್ತೀವಿ” ಅಂತ ಅಪ್ಪ ಎದ್ದರು. “ಇವತ್ತೇ ಹೇಳಿದ್ರೆ ಆಫರ್ ಇದೆ ಸರ್” ಅಂತ ಅವರೂ ಎದ್ದರು. ಒಂದು ವಾರ ಟೈಮ್ ಸಿಕ್ತು.

ಭಾನುವಾರ ಮೊಳಕಾಲ್ಮೂರಿಗೆ ಹೊರಟೆವು. ತಳುಕು ದಾಟುವಾಗ, ತ.ರಾ.ಸು. ಹೆಸರಿನ ‘ತ’ ಇದೇ ಊರು ಅಂತ ತಮ್ಮನಿಗೆ ಹೇಳಿದ್ರೆ ಅವನು ಬ್ಲೂಟೂತ್ ಕನೆಕ್ಟ್ ಮಾಡ್ತಿದ್ದ. ಹಿರೇಹಳ್ಳಿ, ಬಿ.ಜಿ. ಕೆರೆ, ಹಾನಗಲ್ ಕ್ರಾಸ್. ಹೋಗೋಕೆ ಐವತ್ತು ಕಿಲೋಮೀಟರ್ ಮೇಲೆ. ಅಪ್ಪ ದಾರಿಯುದ್ದಕ್ಕೂ ಓಡೋಮೀಟರ್ ನೋಡ್ತಾನೇ ಇದ್ದರು.

ಊಟ ಆದ ಮೇಲೆ ದೊಡ್ಡಪ್ಪ ವಾರಂಟಿ ಪುಸ್ತಕ ತೆಗೆದು ಮುಂದಿಟ್ಟರು. “ಏನಮ್ಮಾ ಇಂಜಿನಿಯರ್, ಓದಿ ಹೇಳು. ಏನೇನು ಬರೆದವ್ರೆ?”

ಪುಸ್ತಕ ಇಂಗ್ಲಿಷ್‌ನಲ್ಲಿತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವರಿಗೆ ಇದೇನು ಕಷ್ಟ ಅಂದ್ಕೊಂಡು ಶುರು ಮಾಡಿದ್ದಾಯ್ತು. ಎರಡನೇ ಸಾಲಿಗೇ ನಿಂತುಹೋಯ್ತು. ಓದೋಕೆ ಬರುತ್ತೆ, ಅಜ್ಜನಿಗೆ ಹೇಳೋಕೆ ಬರಲ್ಲ. ಹೇಳೋಕೆ ಬರದೇ ಇದ್ದಾಗ ಗೊತ್ತಾಯ್ತು, ಅರ್ಥವೂ ಆಗಿರಲಿಲ್ಲ ಅಂತ.

‘ವೇರ್ ಅಂಡ್ ಟೇರ್’ ಅಂತ ಇತ್ತು. ಸ್ವಲ್ಪ ಹೊತ್ತು ತಡಕಾಡಿ, “ಸವೆಯೋ ಸಾಮಾನಿಗೆ ಕೊಡಲ್ಲ” ಅಂತ ಹೇಳಿದ್ವಿ.

“ಸವೆಯದೇ ಇರೋ ಸಾಮಾನು ಯಾವ್ದೈತೆ?” ದೊಡ್ಡಪ್ಪ ಕೇಳಿದರು. ಅವರ ಮಗ್ಗದಲ್ಲಿ ಲಾಳಿ ಸವೆಯುತ್ತೆ, ಹಗ್ಗ ಸವೆಯುತ್ತೆ, ಅವರ ಸೊಂಟವೂ ಸವೆದಿದೆ. ಪಟ್ಟಿ ಓದಿದ್ವಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ರಬ್ಬರ್, ಬಲ್ಬು, ಫಿಲ್ಟರ್. ಟೈರು, ಬ್ಯಾಟರಿಗೆ ಅದನ್ನ ಮಾಡಿದವರದೇ ಬೇರೆ ವಾರಂಟಿ. “ಅಂದ್ರೆ ದಿನಾ ಕೆಡಾವೆಲ್ಲ ನಮ್ದು, ಅಪರೂಪಕ್ಕೆ ಕೆಡಾವು ಅವ್ರದು” ಅಂದರು. ತಪ್ಪಿಲ್ಲ. ಆದ್ರೆ ಅಪರೂಪಕ್ಕೆ ಕೆಡೋದೇ ದುಬಾರಿ. ಎಸಿ ಕಂಪ್ರೆಸರ್, ಸ್ಟೀರಿಂಗಿನ ಎಲೆಕ್ಟ್ರಿಕ್ ಮೋಟರ್, ಇಸಿಯು. ಅದನ್ನೂ ಹೇಳಿದ್ವಿ.

ಆಮೇಲೆ ‘ಕಾನ್ಸಿಕ್ವೆನ್ಷಿಯಲ್ ಲಾಸ್’ ಬಂತು. ಪರಿಣಾಮವಾಗಿ ಆದ ನಷ್ಟ ಅಂದ್ರೆ ಅಜ್ಜ ಸುಮ್ನೆ ನೋಡಿದರು. ಬೇರೆ ಥರ ಹೇಳಿದ್ವಿ: ಬಳ್ಳಾರಿಗೆ ಹೋಗ್ತಾ ರಾಂಪುರದ ಹತ್ತಿರ ಗಾಡಿ ಕೆಟ್ಟು ನಿಂತ್ರೆ, ಕೆಟ್ಟ ಪಾರ್ಟ್ ಹಾಕಿ ಕೊಡ್ತಾರೆ, ಆದ್ರೆ ಅವತ್ತು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಬಾಡಿಗೆ ಕಾರಿನ ದುಡ್ಡು ಕೊಡಲ್ಲ.

ಅಜ್ಜ ತಲೆ ಆಡಿಸಿದರು. “ಗಾಡಿಗೆ ಆಗಿದ್ದು ಅವ್ರು ನೋಡ್ಕೊಂತಾರೆ. ನಂಗೆ ಆಗಿದ್ದು ನಾನು ನೋಡ್ಕೊಬೇಕು.”

ನಮ್ಮ ಸೆಮಿಸ್ಟರಿನ ಯಾವ ಲೆಕ್ಚರರ್ ಕೂಡ ಒಂದು ಡೆಫಿನಿಷನ್ನನ್ನ ಇಷ್ಟು ನೀಟಾಗಿ ಹೇಳಿಲ್ಲ.

ದೊಡ್ಡಪ್ಪ ಹಿಡ್ಕೊಂಡು ಕೂತಿದ್ದು ಇನ್ನೊಂದು ಮಾತು, ವರ್ಕ್‌ಮನ್‌ಶಿಪ್. ಕೈಕೆಲಸದ ದೋಷ ಇದ್ರೆ ಮಾತ್ರ ಕೊಡ್ತೀವಿ ಅಂತ ಇತ್ತು. ಅದು ಕೈಕೆಲಸದ ದೋಷವೋ ಓಡಿಸಿದವರ ದೋಷವೋ ಅಂತ ಯಾರು ಹೇಳ್ತಾರೆ ಅಂದರು. ಕಂಪನಿ ಸರ್ವಿಸ್ ಸೆಂಟರಿನವರೇ. “ಸೀರೆ ವಾಪಸ್ ಬಂದಾಗ ನಂಗೂ ಗೊತ್ತಾಗುತ್ತೆ, ನೇಯುವಾಗ ಎಳೆ ಹೋಗೈತಾ, ಒಗೆಯುವಾಗ ಹೋಗೈತಾ ಅಂತ. ಆದ್ರೆ ನೇಯ್ದೋನೂ ನಾನೇ, ತೀರ್ಪು ಹೇಳೋನೂ ನಾನೇ. ನಂದೇ ತಪ್ಪು ಅಂತ ಹೇಳಾಕೆ ಮನಸ್ಸು ಬರ್ಬೇಕಲ್ಲ.” ಮೊಳಕಾಲ್ಮೂರು ಸೀರೆಗೆ ಜಿಐ ಟ್ಯಾಗ್ ಇದೆ. ಅದು ಎಲ್ಲಿ ನೇಯ್ದಿದ್ದು ಅಂತ ಹೇಳುತ್ತೆ, ಎಷ್ಟು ವರ್ಷ ಬಾಳುತ್ತೆ ಅಂತ ಹೇಳಲ್ಲ. ಆದ್ರೂ ದೊಡ್ಡಪ್ಪ ಹಳೇ ಸೀರೆಗಳಿಗೆ ದುಡ್ಡು ತಗೊಳ್ಳದೇ ಎಳೆ ಕೂರಿಸಿಕೊಟ್ಟಿದ್ದನ್ನ ನಾವು ನೋಡಿದೀವಿ. ದೊಡ್ಡಮ್ಮ ಬೈದಿದ್ದನ್ನೂ ನೋಡಿದೀವಿ.

ಇಷ್ಟಾದ ಮೇಲೆ ನಮ್ಮ ಸರದಿ. ಮೂರನೇ ಸೆಮ್‌ನಲ್ಲಿ ಪ್ರಾಬಬಿಲಿಟಿ ಮುಗಿಸಿದೀವಲ್ಲ, ಕ್ಯಾಲೆಂಡರ್ ಹಿಂದೆ ಲೆಕ್ಕ ಶುರು. ವಾರಕ್ಕೊಂದು ಸಲ ಚಳ್ಳಕೆರೆ–ಮೊಳಕಾಲ್ಮೂರು, ತಿಂಗಳಿಗೊಂದು ಸಲ ಬಳ್ಳಾರಿ, ಚಿಲ್ಲರೆ ಓಡಾಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 9,000 ಕಿಲೋಮೀಟರ್. ಮೂರು ವರ್ಷಕ್ಕೆ 27,000. ಕಂಪನಿಯ 1 ಲಕ್ಷದ ಹತ್ತಿರಕ್ಕೂ ನಾವು ಹೋಗಲ್ಲ, ನಮಗೆ ಮೊದಲು ಮುಗಿಯೋದು ವರ್ಷವೇ. ಎಕ್ಸ್‌ಟೆಂಡೆಡ್ ವಾರಂಟಿ ಇರೋದು ನಾಲ್ಕು, ಐದನೇ ವರ್ಷಕ್ಕೆ, ಅಂದ್ರೆ 27,000ದಿಂದ 45,000 ಕಿಲೋಮೀಟರ್ ಒಳಗೆ.

ಮೆಕ್ಯಾನಿಕಲ್‌ನವರಿಗೆ ಬಾತ್‌ಟಬ್ ಕರ್ವ್ ಗೊತ್ತಿರುತ್ತೆ. ಹೊಸದರಲ್ಲಿ ತಯಾರಿಕೆಯ ತಪ್ಪುಗಳು ಹೊರಗೆ ಬರ್ತವೆ, ವಯಸ್ಸಾದಾಗ ಸವೆದು ಕೆಡುತ್ತೆ, ನಡುವೆ ಸ್ನಾನದ ತೊಟ್ಟಿಯ ತಳದ ಹಾಗೆ ಕಮ್ಮಿ ಕೆಡೋ ಸಮತಟ್ಟಾದ ಕಾಲ. ಹೊಸದರ ತಪ್ಪುಗಳನ್ನ ಕಂಪನಿಯ 3 ವರ್ಷವೇ ನೋಡ್ಕೊಳ್ಳುತ್ತೆ. ಈಗ ಆ ಅವಧಿಯೇ ಉದ್ದ ಆಗಿದೆ. 2024ರ ಜುಲೈನಲ್ಲಿ ಮಾರುತಿ ಸುಜುಕಿ ಕೂಡ 2 ವರ್ಷ–40,000 ಕಿಲೋಮೀಟರ್ ಇದ್ದಿದ್ದನ್ನ 3 ವರ್ಷ–1 ಲಕ್ಷಕ್ಕೆ ಏರಿಸಿತು. ನಾವು ದುಡ್ಡು ಕೊಟ್ಟು ತಗೊಳ್ತಿರೋದು ಹೆಚ್ಚುಕಮ್ಮಿ ತೊಟ್ಟಿಯ ತಳವನ್ನ.

ದೊಡ್ಡ ರಿಪೇರಿ ಒಂದಕ್ಕೆ 40,000 ಅಂತ ಇಟ್ಕೊಂಡ್ವಿ. 13,400 ಕೊಟ್ಟಿದ್ದು ಸರಿಹೋಗಬೇಕಂದ್ರೆ ಆ ಎರಡು ವರ್ಷದಲ್ಲಿ ನಮ್ಮಂಥ ಮೂರು ಕಾರಲ್ಲಿ ಒಂದಕ್ಕಾದ್ರೂ ಅಷ್ಟು ಖರ್ಚು ಬರಬೇಕು. ಅಷ್ಟು ಕಾರು ಕೆಡೋದಾದ್ರೆ ಕಂಪನಿ ಈ ರೇಟಿಗೆ ವಾರಂಟಿ ಮಾರ್ತಾನೇ ಇರಲಿಲ್ಲ. 13,400ರಲ್ಲಿ 18% ಜಿಎಸ್‌ಟಿಯೇ 2,044. ಸಾಲಕ್ಕೆ ಸೇರಿಸಿದ್ರೆ ಅರವತ್ತು ಕಂತಿಗೆ 16,800 ಆಗುತ್ತೆ, ಅದೂ ಮೂರು ವರ್ಷ ಆದ ಮೇಲೆ ಶುರುವಾಗೋ ವಸ್ತುವಿಗೆ ಇವತ್ತಿಂದ ಬಡ್ಡಿ.

“ಬೇಡ” ಅಂತ ಕೆಳಗೆ ಗೆರೆ ಎಳೆದ್ವಿ. ಹೆಮ್ಮೆ ಆಗಿತ್ತು, ಸುಳ್ಳು ಯಾಕೆ.

ದೊಡ್ಡಪ್ಪ ಕ್ಯಾಲೆಂಡರ್ ತಿರುಗಿಸಿ ನೋಡಿದರು. “ಲೆಕ್ಕ ಸರಿ ಐತಮ್ಮಾ. ಆದ್ರೆ ಆ ಮೂರರಲ್ಲಿ ಒಂದು ಕಾರು ನಮ್ದೇ ಆದ್ರೆ? ನಲವತ್ತು ಸಾವಿರ ಒಂದೇ ದಿನ ಎಲ್ಲಿಂದ ತರಾದು?”

ಕಂಪನಿಗೆ ಸಾವಿರಾರು ಕಾರು, ಅವರಿಗೆ ಸರಾಸರಿ ಇದೆ. ನಮಗಿರೋದು ಒಂದು ಕಾರು. 40,000ವನ್ನ ನಾವು ತರೋದು ನೂರಕ್ಕೆ ಮೂರರ ಬಡ್ಡಿಗೆ. ತಿಂಗಳಿಗೆ 1,200 ಬರೀ ಬಡ್ಡಿ, ಅಸಲು ಹಾಗೇ ಕೂತಿರುತ್ತೆ. ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಸೂತ್ರದಲ್ಲಿ ಇದಕ್ಕೆ ಜಾಗ ಇಟ್ಟಿರಲಿಲ್ಲ. ಬ್ಯಾಂಕಲ್ಲಿ ಐದು ಲಕ್ಷ ಇರೋರು ವಾರಂಟಿ ಬೇಡ ಅನ್ನೋದಕ್ಕೂ ನಾವು ಬೇಡ ಅನ್ನೋದಕ್ಕೂ ವ್ಯತ್ಯಾಸ ಇದೆ.

“ಹಂಗಾದ್ರೆ ಆ ಹದಿಮೂರು ಸಾವಿರವನ್ನ ನಾವೇ ತೆಗೆದಿಡಾಣ. ಕೆಟ್ರೆ ಅದರಲ್ಲಿ ಕೊಡಾದು” ಅಂತ ಅಪ್ಪ ಅಂದರು.

ದೊಡ್ಡಮ್ಮ ಒಳಗಿಂದಲೇ ನಕ್ಕರು. “ತೆಗೆದಿಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ವಾ?”

ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ದೊಡ್ಡಪ್ಪ ಮಗ್ಗಕ್ಕೆ ಹೊಸ ಜಕಾರ್ಡ್ ಹಾಕಿಸೋಕೆ ಅಂತ ದುಡ್ಡು ಕೂಡಿಟ್ಟಿದ್ದರು. ಹಾಸ್ಟೆಲ್ ಫೀಸ್ ಒಂದೇ ಕಂತಿನಲ್ಲಿ ಕಟ್ಟಬೇಕು ಅಂತ ಬಂದಾಗ ಅದು ಅಲ್ಲಿಗೆ ಹೋಯ್ತು. ಹಳೇ ಜಕಾರ್ಡ್ ಇವತ್ತಿಗೂ ಅದೇ ಮಗ್ಗದ ಮೇಲೆ ಕೂತಿದೆ, ನಡುನಡುವೆ ಸಿಕ್ಕಿಕೊಳ್ಳುತ್ತೆ. ದೊಡ್ಡಮ್ಮ ಕೊಂಕು ಆಡಿದ್ದಲ್ಲ. ಆದ್ರೂ ಕ್ಯಾಲೆಂಡರಿನ ಲೆಕ್ಕ ನೋಡ್ತಾ ಕೂತಿದ್ದವರಿಗೆ ಸ್ವಲ್ಪ ಹೊತ್ತು ತಲೆ ಎತ್ತೋಕೆ ಆಗಲಿಲ್ಲ.

ವಾರಂಟಿಯಲ್ಲಿ ಇರೋ ಒಂದು ಒಳ್ಳೇದು ಇದೇ ಇರಬೇಕು: ಕೊಟ್ಟ ದುಡ್ಡನ್ನ ಬೇರೆ ಯಾವುದಕ್ಕೂ ತೆಗೆಯೋಕೆ ಆಗಲ್ಲ.

ಸೋಮವಾರ ಚಳ್ಳಕೆರೆಗೆ ಬಂದು ಪಾವಗಡ ರಸ್ತೆಯ ಮೆಕ್ಯಾನಿಕ್ ಮಾಮನ ಹತ್ರ ಹೋದ್ವಿ. ಅಪ್ಪನ ಟಿವಿಎಸ್ ಅನ್ನ ಹದಿನೈದು ವರ್ಷ ಬದುಕಿಸಿದವರು ಅವರು. ವಾರಂಟಿ ಇರೋವರೆಗೆ ನನ್ನ ಹತ್ರ ತರಬೇಡಿ ಅಂತ ಅವರೇ ಹೇಳಿದರು. ನಾವು ಓದಿದ್ದು ಹೇಳಿದ್ವಿ: 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗಗಳನ್ನ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡೋ ಷರತ್ತು ಹಾಕಬಾರದು ಅಂತಲೂ ಹೇಳಿತ್ತು. ಕಂಪನಿಗಳು ಮೇಲ್ಮನವಿ, ಹೈಕೋರ್ಟ್ ಅಂತ ಹೋದವು.

“ನನ್ನ ಪರವಾಗಿ ಇಷ್ಟೆಲ್ಲ ಆಗೈತಾ?” ಅಂತ ಮಾಮ ಆಶ್ಚರ್ಯಪಟ್ಟರು. ಆಮೇಲೆ ಎಣ್ಣೆ ಕೈ ಒರೆಸ್ಕೊಂಡು, “ಆಯೋಗ ಬಂದು ನಿಮ್ಮ ಪರ ಜಗಳ ಆಡಲ್ಲಮ್ಮ. ಸರ್ವಿಸ್ ಅಲ್ಲೇ ಮಾಡಿಸಿ, ಬಿಲ್ಲು ಎಲ್ಲ ಇಟ್ಕೊಳ್ಳಿ” ಅಂದರು. ಎಕ್ಸ್‌ಟೆಂಡೆಡ್ ತಗೊಂಡ್ರೆ ಐದು ವರ್ಷವೂ ಪ್ರತಿ ಸರ್ವಿಸ್‌ಗೆ ಟೈಮಿಗೆ ಸರಿಯಾಗಿ ಚಿತ್ರದುರ್ಗಕ್ಕೆ ಓಡಬೇಕು. ಒಂದು ತಪ್ಪಿದ್ರೂ ಕೊಡಲ್ಲ ಅನ್ನೋಕೆ ಅವರಿಗೊಂದು ಕಾರಣ ಸಿಗುತ್ತೆ. ಆ ಖರ್ಚನ್ನೂ ನಾವು ಲೆಕ್ಕ ಹಾಕಿರಲಿಲ್ಲ.

ಇನ್ನೊಂದನ್ನೂ ಮಾಮನೇ ಹೇಳಿದ್ದು. “ಅದನ್ನ ಇವತ್ತೇ ತಗೋಬೇಕು ಅಂತೇನಿಲ್ಲ. ಮೂರು ವರ್ಷ ಮುಗಿಯೋದ್ರೊಳಗೆ ಯಾವಾಗ ಬೇಕಾದ್ರೂ ಕೊಡ್ತಾರೆ, ರೇಟು ಜಾಸ್ತಿ ಆಗುತ್ತೆ ಅಷ್ಟೇ.” ಪುಸ್ತಕ ತಿರುವಿ ನೋಡಿದ್ರೆ ನಮ್ಮದರಲ್ಲೂ ಹಾಗೇ ಇತ್ತು. ಶೋರೂಮಿನಲ್ಲಿ ಯಾರೂ ಇದನ್ನ ಹೇಳಿರಲಿಲ್ಲ. ಎರಡು ಮುಕ್ಕಾಲು ವರ್ಷ ಓಡಿಸಿದ ಮೇಲೆ ಗಾಡಿ ಎಂಥದು ಅಂತ ನಮಗೆ ಗೊತ್ತಾಗಿರುತ್ತೆ. ಆವಾಗ ಮಾಮನಿಗೆ ತೋರಿಸಿ ತೀರ್ಮಾನ ಮಾಡಬಹುದು. ಕೆಡೋ ಹಾಗೆ ಕಾಣೋರೇ ಕೊನೆಗೆ ಬಂದು ಕೊಳ್ತಾರೆ ಅಂತ ಕಂಪನಿಗೂ ಗೊತ್ತು, ರೇಟು ಏರಿಸೋದು ಅದಕ್ಕೇ ಇರಬೇಕು.

ಕೊನೆಗೆ ಅಜ್ಜ ಹೇಳಿದ ಹಾಗೆ ಆಯ್ತು. ಮೊಳಕಾಲ್ಮೂರಿನ ಅಂಚೆ ಕಚೇರಿಯಲ್ಲಿ ದೊಡ್ಡಮ್ಮನ ಹೆಸರಲ್ಲಿ ಒಂದು ಆರ್‌ಡಿ, ತಿಂಗಳಿಗೆ 500, ಮನೆಗೆ 250. ಅಂಚೆ ಆರ್‌ಡಿ 5 ವರ್ಷದ್ದು, ಮೂರು ವರ್ಷ ಆಗೋವರೆಗೆ ಮುರಿಯೋಕೆ ಆಗಲ್ಲ. ನಡುವೆ ಮುರಿದ್ರೆ ಬಡ್ಡಿ ಉಳಿತಾಯ ಖಾತೆಯಷ್ಟೇ. ಆದ್ರೆ ಕಂಪನಿ ವಾರಂಟಿ ಮುಗಿಯೋ ತಿಂಗಳಿಗೆ ಸರಿಯಾಗಿ 18,000 ಅಸಲು ಕೈಗೆ ಸಿಗೋ ಹಾಗಿರುತ್ತೆ. ಒಂದು ವರ್ಷ ಕಟ್ಟಿದ ಮೇಲೆ ಅದರ ಮೇಲೆ ಅರ್ಧದಷ್ಟು ಸಾಲ ಸಿಗುತ್ತೆ ಅನ್ನೋ ವಿಷಯವನ್ನ ದೊಡ್ಡಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಹೇಳಬೇಡಿ ಅಂದಿದಾರೆ. (ಅವರು ಈ ಮ್ಯಾಗಜಿನ್ ಓದಲ್ಲ.) 18,000ಕ್ಕೆ ಕಂಪ್ರೆಸರ್ ಬರದೇ ಹೋಗಬಹುದು. ಆದ್ರೆ 40,000 ಸಾಲ ಮಾಡೋದಕ್ಕೂ 22,000 ಸಾಲ ಮಾಡೋದಕ್ಕೂ ಬಡ್ಡಿಯಲ್ಲಿ ತಿಂಗಳಿಗೆ 540 ರೂಪಾಯಿ ವ್ಯತ್ಯಾಸ.

ಅಮ್ಮನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ದುಡ್ಡು ಕೊಟ್ಟು ನೆಮ್ಮದಿಯಾಗಿ ಇರಬಹುದಿತ್ತು ಅಂತಾರೆ. ರಾತ್ರಿ ಬಾನೆಟ್ ಒಳಗೆ ನ್ಯಾಫ್ತಲಿನ್ ಗುಳಿಗೆ ಪೊಟ್ಟಣ ಕಟ್ಟಿ ಇಡ್ತಾರೆ, ಬೆಳಿಗ್ಗೆ ತೆಗೀತಾರೆ.

ಮೂರನೇ ತಿಂಗಳೇ ಕಂತು ತಪ್ಪಿತು. ಅಪ್ಪ ನಮ್ಮ ಮನೆಯ 250 ಕಳಿಸೋದು ಮರೆತಿದ್ದರು. ಅಂಚೆ ಕಚೇರಿಯ ದಂಡ ನೂರಕ್ಕೆ ಒಂದು ರೂಪಾಯಿ, ಒಟ್ಟು 5 ರೂಪಾಯಿ. ಮುಂದಿನ ಭಾನುವಾರ ಹೋದಾಗ ದೊಡ್ಡಮ್ಮ ಊಟಕ್ಕೆ ಬಡಿಸೋಕೆ ಮುಂಚೆ ಅಪ್ಪನ ಮುಂದೆ ಕೈ ಚಾಚಿ ನಿಂತರು. 250 ತಗೊಂಡು, ಆ 5 ರೂಪಾಯಿಯನ್ನ ಬೇರೆಯಾಗಿ ವಸೂಲಿ ಮಾಡಿದ ಮೇಲೇನೇ ಎಲೆಗೆ ಮುದ್ದೆ ಬಿದ್ದಿದ್ದು.