ಬಡವನ ಕೋವಿ, ಹಳೆಯ ಕಾಡತೂಸು

ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಕೋವಿಯಿಂದ ಜಿಂಕೆಯನ್ನು ಬೇಟೆಯಾಡಲು ಕಾನೂನು ಕೊಟ್ಟಿರುವ ಮುಖ್ಯ ಅವಧಿಯು ವರ್ಷಕ್ಕೆ ಸುಮಾರು ಎರಡು ವಾರಗಳು ಮಾತ್ರ. ಬಹುಕಾಲದಿಂದ ಆ ಅವಧಿಯು ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಮೊದಲಾಗುತ್ತಿದ್ದಿತು. 2019ರಲ್ಲಿ ಅದನ್ನು ಎರಡು ದಿನ ಹಿಂದಕ್ಕೆ, ಶನಿವಾರಕ್ಕೆ, ತಂದರು. ಆ ಸೋಮವಾರ ಅಲ್ಲಿನ ಅನೇಕ ಶಾಲೆಗಳು ಬಾಗಿಲು ತೆರೆಯುತ್ತಿರಲಿಲ್ಲ. ಹುಡುಗರು ಹೇಗೂ ಬರುವವರಲ್ಲ. ಉಪಾಧ್ಯಾಯರಾದರೂ ಬರುವರೆಂಬ ಭರವಸೆಯಿಲ್ಲ. ಹೀಗಿರಲು ರಜೆಯನ್ನು ಕೊಡುವುದೇ ಮರ್ಯಾದೆಯೆಂದು ಶಾಲೆಯವರು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಬೇಟೆಯೆಂದೊಡನೆ ಕನ್ನಡ ನಾಡಿನ ವಾಚಕರಿಗೆ ಅರಸರೂ, ಆನೆಯೂ, ಹಾಕೆಯವರ ತಮ್ಮಟೆಯೂ ನೆನಪಿಗೆ ಬರುವುವು. ಪೆನ್ಸಿಲ್ವೇನಿಯಾದ ಬೇಟೆ ಅಂಥದಲ್ಲ. ಅದು ಬಡಗಿಯ, ಗಣಿಯ ಕೆಲಸಗಾರನ, ಲಾರಿ ನಡೆಸುವವನ ಬೇಟೆ. ಒಂದು ಜಿಂಕೆ ಸಿಕ್ಕಿದರೆ ಚಳಿಗಾಲದ ಬಹುಪಾಲು ಮನೆಯ ಅಡಿಗೆಗೆ ಮಾಂಸ ಒದಗುವುದು. 1900ರ ಸುಮಾರಿಗೆ ಮಿತಿಯಿಲ್ಲದ ಕೊಲೆಯಿಂದ ಆ ದೇಶದ ಬಿಳಿಬಾಲದ ಜಿಂಕೆಗಳು ಕೆಲವು ಲಕ್ಷಗಳಿಗೆ ಇಳಿದಿದ್ದುವು. ಬಳಿಕ ಕಾನೂನೂ ಕಾವಲೂ ಬಂದು ಅವು ಕೋಟಿಗಳ ಲೆಕ್ಕಕ್ಕೆ ಬೆಳೆದುವು. ಉದ್ದನೆಯ ಕೋವಿಗಳ ಮೇಲೆಯೂ ಕಾಡತೂಸುಗಳ ಮೇಲೆಯೂ ತಯಾರಕರಿಂದ ನೂರಕ್ಕೆ 11ರಂತೆ ವಸೂಲಾಗುವ ತೆರಿಗೆಯು, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನ ಮೇರೆಗೆ, ವನ್ಯಮೃಗಗಳ ಪಾಲನೆಗೇ ಮೀಸಲಾಗಿದೆ. ಕೊಲ್ಲುವವನೇ ಕಾಯುವ ವೆಚ್ಚವನ್ನು ತೆರುವ ಈ ವ್ಯವಸ್ಥೆ ವಿಚಿತ್ರವಾಗಿ ತೋರಿದರೂ ಫಲವನ್ನು ಕೊಟ್ಟಿದೆಯೆಂಬುದು ನಿಜ.

ಇಂಥ ಒಬ್ಬ ಸಾಮಾನ್ಯ ಗೃಹಸ್ಥನು ಮೊದಲ ಕೋವಿಯನ್ನು ಕೊಳ್ಳಲು ಅಂಗಡಿಗೆ ಹೋಗುವನೆಂದು ಭಾವಿಸಬಹುದು. ಅವನ ಚೀಲದಲ್ಲಿರುವ ಹಣ ಸ್ವಲ್ಪ. ಅಂಗಡಿಯವನ ಗೋಡೆಯ ಮೇಲೆ ಸಾಲಾಗಿ ನಿಂತಿರುವ ಕೋವಿಗಳು ಹಲವು. ಹೊಸ ಕೋವಿಯ ಪ್ರಶಂಸಾಪತ್ರದಲ್ಲಿ ಅದು ಎಷ್ಟು ದೂರಕ್ಕೆ, ಎಷ್ಟು ವೇಗದಿಂದ ಹೊಡೆಯಬಲ್ಲುದೆಂಬುದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು. ಮೂಲೆಯಲ್ಲಿ, ಯಾರದೋ ತಂದೆಯ ಕೈಯಲ್ಲಿ ಸವೆದು ಮಿರುಗುವ ಮರದ ಹಿಡಿಯುಳ್ಳ ಹಳೆಯ ಕೋವಿಯೊಂದು ಏನನ್ನೂ ಹೇಳದೆ ನಿಂತಿರುವುದು. ಆ ಮೂಲೆಯ ಕಡೆಗೆ ಕಣ್ಣು ಹೊರಳಿಸುವವರು ಇಂದೂ ಕಡಮೆಯಲ್ಲ. ಅದು ಕೇವಲ ಜಿಪುಣತನವೇ, ಇಲ್ಲವೆ ಅದರಲ್ಲಿ ಏನಾದರೂ ವಿವೇಕವಿದೆಯೇ ಎಂಬುದು ವಿಚಾರಾರ್ಹ.

ಕೋವಿಯನ್ನು ಆರಿಸುವುದೆಂದರೆ ವಾಸ್ತವವಾಗಿ ಕಾಡತೂಸನ್ನು ಆರಿಸುವುದು. ಕೇಪು, ಮದ್ದು, ಗುಂಡು ಈ ಮೂರನ್ನೂ ಒಂದೇ ಹಿತ್ತಾಳೆಯ ಕೋಶದಲ್ಲಿ ಅಡಕಮಾಡಿದ ವಸ್ತುವೇ ಕಾಡತೂಸು. ತೋಟಾ ಎಂದೂ ಅದನ್ನು ಕರೆಯುವರು. ಹಳೆಯ ಕಾಡತೂಸುಗಳ ಹೆಸರೇ ಅವುಗಳ ಜಾತಕವನ್ನು ಹೇಳುವುದು. ಅಮೆರಿಕದ ಸೈನ್ಯಕ್ಕೆ 1873ರಲ್ಲಿ ಬಂದ .45-70 ಎಂಬುದರಲ್ಲಿ ಮೊದಲ ಅಂಕೆ ಗುಂಡಿನ ದಪ್ಪ, ಅಂಗುಲದ ನೂರರಲ್ಲಿ 45 ಭಾಗ. ಎರಡನೆಯದು ಕರಿಮದ್ದಿನ ತೂಕ, 70 ಗ್ರೇನು. ಒಂದು ತೊಲಕ್ಕೆ 180 ಗ್ರೇನುಗಳು. 1895ರಲ್ಲಿ ಹೊರಟ .30-30 ಎಂಬುದು ಹೊಗೆಯಿಲ್ಲದ ಮದ್ದು 30 ಗ್ರೇನು ತುಂಬಿದ್ದು. ಸ್ಪೇನಿನ ಸೈನ್ಯವು 1893ರಲ್ಲಿ ಅಂಗೀಕರಿಸಿದ ಮೌಸರ್ 7×57 ಎಂಬುದರಲ್ಲಿ 7 ಮಿಲಿಮೀಟರು ಗುಂಡಿನ ದಪ್ಪ, 57 ಕೋಶದ ಉದ್ದ. .30-06 ಎಂಬುದರ ಕೊನೆಯ ಅಂಕೆ ಅದು ಹುಟ್ಟಿದ ವರ್ಷ, 1906.

ಇವುಗಳಲ್ಲಿ ಬಡವನ ಮಿತ್ರನೆಂದು ಹೆಸರಾದುದು .30-30. ಜಾನ್ ಬ್ರೌನಿಂಗ್ ಎಂಬ ಶಿಲ್ಪಿ ಕಲ್ಪಿಸಿದ, ಸನ್ನೆಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಮುಂದಿನ ಈಡು ಸಿದ್ಧವಾಗುವ, 1894ರ ಮಾದರಿಯ ವಿಂಚೆಸ್ಟರ್ ಕೋವಿಗಾಗಿ ಅದು ಪ್ರಸಿದ್ಧವಾಯಿತು. ಅಂಥ ಕೋವಿಗಳು 70 ಲಕ್ಷಕ್ಕೂ ಹೆಚ್ಚಾಗಿ ತಯಾರಾಗಿವೆ. ಅದರಲ್ಲಿ ಕಾಡತೂಸುಗಳು ನಳಿಗೆಯ ಕೆಳಗಣ ಕೊಳವೆಯೊಂದರಲ್ಲಿ ಒಂದರ ಹಿಂದೊಂದು ಮಲಗಿರುವುವು. ಹಿಂದಿನ ಗುಂಡಿನ ಮೂತಿ ಮುಂದಿನ ಕಾಡತೂಸಿನ ಕೇಪಿಗೆ ತಾಗುವುದರಿಂದ, ಮೂತಿ ಚೂಪಾಗಿದ್ದರೆ ಒದೆತಕ್ಕೆ ಕೇಪು ಸಿಡಿದೀತೆಂದು ಗುಂಡನ್ನು ಚಪ್ಪಟೆಮೂತಿಯದಾಗಿ ಮಾಡಿದರು. ಚಪ್ಪಟೆಮೂತಿಯ ಗುಂಡು ಗಾಳಿಯನ್ನು ಸೀಳಲಾರದು. 200 ಗಜ ಹೋಗುವಷ್ಟರಲ್ಲಿ ಅದರ ಹೊಡೆತದ ಬಲ ಹೆಚ್ಚುಕಡಮೆ ಅರ್ಧಕ್ಕೆ ಕುಗ್ಗುವುದು. ತೊಲಕ್ಕೆ ತುಸು ಕಡಮೆ ತೂಗುವ, 170 ಗ್ರೇನಿನ ಈ ಗುಂಡಿಗೆ 150 ಗಜದೊಳಗಣ ಕಾಡೇ ರಾಜ್ಯ. ಪೆನ್ಸಿಲ್ವೇನಿಯಾದ ದಟ್ಟಡವಿಯಲ್ಲಿ ಕಣ್ಣು ಅದಕ್ಕಿಂತ ಹೆಚ್ಚು ದೂರ ಹೋಗುವುದೂ ಅಪರೂಪವೇ.

ಹಳೆಯದು ಬಲಹೀನವೆಂದು ಹೇಳುವವರಿಗೆ 7×57 ಉತ್ತರ ಕೊಡುವುದು. ಲಂಡನಿನ ರಿಗ್ಬಿಯವರು ಅದನ್ನೇ .275 ಎಂಬ ಆಂಗ್ಲ ಹೆಸರಿನಿಂದ ಮಾರಿದರು. ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು 1926ರಲ್ಲಿ ಜಿಮ್ ಕಾರ್ಬೆಟ್ ಕೊಂದುದು ಆ ಕೋವಿಯಿಂದ. ಆಫ್ರಿಕದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಎಂಬಾತನು ಕೊಂದ ಸಾವಿರಕ್ಕೂ ಮಿಕ್ಕ ಆನೆಗಳಲ್ಲಿ ಬಹಳವು ಬಿದ್ದುದೂ ಅದರಿಂದಲೇ. ಆತನು ಆನೆಯ ತಲೆಬುರುಡೆಯನ್ನು ಕೊಯ್ದು ಮೆದುಳಿನ ಸ್ಥಾನವನ್ನು ಅಭ್ಯಾಸಮಾಡಿದ್ದನು. ಆ ಸಂಖ್ಯೆ ಇಂದು ಯಾರಿಗೂ ಸಂತೋಷವನ್ನು ಕೊಡಲಾರದು. ಆದರೂ ಅದರಿಂದ ಒಂದು ಸಂಗತಿ ಸ್ಪಷ್ಟವಾಗುವುದು: ಪ್ರಾಣಿ ಬೀಳುವುದು ಗುಂಡಿನ ಗಾತ್ರದಿಂದಲ್ಲ, ಅದು ತಾಗಿದ ಸ್ಥಳದಿಂದ.

ಆದರೆ ಹಳೆಯದೆಂಬ ಒಂದೇ ಕಾರಣದಿಂದ ಕೊಳ್ಳಹೊರಟವನು ಮೋಸಹೋಗುವನು. 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಸೈನ್ಯದ ಕೋವಿಗಳಲ್ಲಿ ಕೆಲವು 1917ರಲ್ಲಿ ಸಿಡಿದುವು. ವಿಚಾರಿಸಿದಾಗ ತಿಳಿದುದೇನೆಂದರೆ, ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆಯೆಂಬುದನ್ನು ಕಮ್ಮಾರರು ಅದರ ಬಣ್ಣವನ್ನು ನೋಡಿ ಕಣ್ಣಂದಾಜಿನಿಂದ ನಿರ್ಣಯಿಸುತ್ತಿದ್ದರು. ಬಿಸಿಲು ಪ್ರಖರವಾದ ದಿನ ಕೆಂಪು ಮಂಕಾಗಿ ಕಾಣುತ್ತಿದ್ದುದರಿಂದ ಉಕ್ಕನ್ನು ಮಿತಿಮೀರಿ ಕಾಯಿಸಿ, ಅದನ್ನು ಪೆಡಸಾಗಿ ಮಾಡಿಬಿಡುತ್ತಿದ್ದರು. ನಿಪುಣರಾದವರೇ ತಮ್ಮ ಕಣ್ಣನ್ನು ಅತಿಯಾಗಿ ನಂಬಿ ತಪ್ಪಿದರು. ಆ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ಕೋವಿಗಳನ್ನು ಬಲ್ಲವರು ಇಂದಿಗೂ ಹಾರಿಸುವುದಿಲ್ಲ. ಆದಕಾರಣ ಹಳೆಯ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಒಳಗಿನ ತಿರುಪುಗೆರೆಗಳು ತುಕ್ಕು ತಿನ್ನದೆ ಚೊಕ್ಕಟವಾಗಿರಬೇಕು. ಕೋವಿಯ ಕೆಲಸ ಬಲ್ಲವನು ಅದನ್ನು ಪರೀಕ್ಷಿಸಿರಬೇಕು.

ಅಗ್ಗವೆಂಬುದಕ್ಕೂ ಇನ್ನೊಂದು ಮುಖವುಂಟು. ಎರಡನೆಯ ಮಹಾಯುದ್ಧದ ಬಳಿಕ ಯೂರೋಪಿನ ಸೈನ್ಯಗಳು ಕಳಚಿಟ್ಟ ಕೋವಿಗಳು ಅಮೆರಿಕದಲ್ಲಿ ರಾಶಿಯಾಗಿ ಬಂದು ಟಪಾಲಿನ ಮೂಲಕ ಮಾರಾಟವಾದುವು. ಎಷ್ಟೋ ಬಡವರು ಅವುಗಳಿಂದಲೇ ಜಿಂಕೆ ಹೊಡೆದರು. 1963ರಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಕೊಂದ ಇಟಲಿಯ ಹಳೆಯ ಕೋವಿಯೂ ಹಾಗೆಯೇ, ದುರ್ಬೀನೂ ಸೇರಿ 20 ಡಾಲರಿನ ಆಸುಪಾಸಿಗೆ, ಟಪಾಲಿನಲ್ಲಿ ಬಂದುದು. 1968ರ ಕಾನೂನು ಆ ಮಾರಾಟವನ್ನು ನಿಲ್ಲಿಸಿತು.

ಹೊಸದರ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. 1958ರಲ್ಲಿ ಹೊರಟ ಸ್ಯಾವೇಜ್ 110 ಎಂಬ ಕೋವಿಯಲ್ಲಿ ನಳಿಗೆಯನ್ನು ಒಂದು ತಿರುಪುಬಳೆಯಿಂದ ಬಿಗಿಯುವ ಉಪಾಯವನ್ನು ಮಾಡಿದರು. ಕುಶಲಿಯು ಗಂಟೆಗಟ್ಟಲೆ ಅರವನ್ನು ಉಜ್ಜಿ ಹೊಂದಿಸುತ್ತಿದ್ದ ಅಳತೆ ಇದರಿಂದ ಕ್ಷಣದಲ್ಲಿ ಹೊಂದಿತು, ಬೆಲೆಯೂ ಇಳಿಯಿತು. ಇಂದಿನ ಅಗ್ಗದ ಕೋವಿಗಳು ಇಂಥ ಯುಕ್ತಿಗಳಿಂದ ಹಿಂದಿನ ಕಾಲದ ದುಬಾರಿ ಕೋವಿಗಳಷ್ಟೇ, ಕೆಲವೆಡೆ ಅವುಗಳಿಗಿಂತ ಹೆಚ್ಚಾಗಿ, ಗುರಿಗೆ ನಿಷ್ಠವಾಗಿವೆ. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಎಂಬ ಕಾಡತೂಸು ಒದೆತದಲ್ಲಿ ಮೃದು, ದೂರದಲ್ಲಿ ಸ್ಥಿರ. ಇಷ್ಟೆಲ್ಲ ಇರುವಾಗ ಹಳೆಯದನ್ನು ಬಯಸುವುದೇಕೆ?

ಮೊದಲನೆಯ ಕಾರಣ ಲೆಕ್ಕಕ್ಕೆ ಸೇರಿದುದು. ಕೋವಿಯ ಬೆಲೆಯನ್ನು ಒಂದೇ ಸಲ ಕೊಡುವುದು, ಅಭ್ಯಾಸದ ಬೆಲೆಯನ್ನು ಪ್ರತಿವರ್ಷವೂ ಕೊಡಬೇಕಾದುದು. ಹಣವನ್ನೆಲ್ಲ ಕೋವಿಗೆ ಸುರಿದು, ಕಾಡತೂಸಿಗೆ ಉಳಿಸದವನು ವೀಣೆಯನ್ನು ಕೊಂಡು ತಂತಿಗೆ ಕಾಸಿಲ್ಲದವನಂತೆ. ಬಲವಾದ ಈಡಿನ ಕೋವಿ ಭುಜವನ್ನು ಒದೆಯುವುದು. ಒದೆತಕ್ಕೆ ಹೆದರಿದವನು ಕುದುರೆಯನ್ನೆಳೆಯುವ ಕ್ಷಣದಲ್ಲಿ ಕಣ್ಣುಮುಚ್ಚಿ ಬೆಚ್ಚುವನು, ಗುಂಡು ಎತ್ತಲೋ ಹೋಗುವುದು. ಹಳೆಯ ಮಂದಗತಿಯ ಕಾಡತೂಸು ಹೊಸಬನನ್ನು ಅಷ್ಟಾಗಿ ಹೆದರಿಸುವುದಿಲ್ಲ. ಹಿತ್ತಾಳೆಯ ಕೋಶಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ಮನೆಯಲ್ಲಿಯೇ ತುಂಬಿ ಮತ್ತೆ ಮತ್ತೆ ಉಪಯೋಗಿಸುವವರೂ ಉಂಟು. ಇದಕ್ಕೂ ಕಡಮೆ ವೆಚ್ಚದಲ್ಲಿ ಕೈ ಪಳಗಬೇಕಾದರೆ 1887ರಿಂದ ನಡೆದು ಬಂದಿರುವ .22ರ ಪುಟ್ಟ ಕಾಡತೂಸು ಇದ್ದೇ ಇದೆ.

ಎರಡನೆಯ ಕಾರಣ ಇದಕ್ಕಿಂತ ದೊಡ್ಡದು. ದಶರಥ ಮಹಾರಾಜನು ಯೌವನದಲ್ಲಿ ಮಳೆಗಾಲದ ಒಂದು ರಾತ್ರಿ ಸರಯೂತೀರಕ್ಕೆ ಬೇಟೆಗೆ ಹೋದ ಕಥೆ ಎಲ್ಲರಿಗೂ ತಿಳಿದುದೇ. ಕೊಡ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು, ಕಾಣದ ಗುರಿಗೆ ಅವನು ಬಾಣವನ್ನು ಬಿಟ್ಟನು. ಬಿಲ್ಲು ಉತ್ತಮವಾಗಿತ್ತು, ವಿದ್ಯೆ ಅಸಾಧಾರಣವಾಗಿತ್ತು, ಬಾಣ ಗುರಿ ತಪ್ಪಲಿಲ್ಲ. ಸತ್ತವನು ಮುನಿಕುಮಾರ. ಅವನ ಬಾಣದ ಕೈ ಅವನ ಕಣ್ಣಿಗಿಂತ ಉದ್ದವಾಗಿತ್ತು, ತಪ್ಪೆಲ್ಲವೂ ಅಲ್ಲಿದ್ದಿತು. ಹೊಸ ಕೋವಿಯ ಪ್ರಶಂಸಾಪತ್ರ 500 ಗಜವನ್ನು ಹೇಳುವಾಗ ಕೊಳ್ಳುವವನಿಗೆ ಮಾರುವುದು ಆ ಉದ್ದವಾದ ಕೈಯನ್ನೇ. ಅಷ್ಟು ದೂರದಲ್ಲಿ ಜಿಂಕೆ ಒಂದು ಹೆಜ್ಜೆ ಕದಲಿದರೂ, ನಡುವೆ ಗಾಳಿ ಬೀಸಿದರೂ ಗುಂಡು ಎದೆಗೆ ಬದಲಾಗಿ ಹೊಟ್ಟೆಗೆ ತಾಗುವುದು. ಆ ಜಿಂಕೆ ಪೊದೆಯನ್ನು ಸೇರಿ ಗಂಟೆಗಟ್ಟಲೆ ನರಳಿ ಸಾಯುವುದು. ಹೊಡೆದವನಿಗೆ ತಾಗಿತೋ ಇಲ್ಲವೋ ಎಂಬುದೂ ತಿಳಿಯದು. .30-30 ಹಿಡಿದವನಿಗೆ ಆ ಆಸೆಗೆ ಎಡೆಯಿಲ್ಲ. ಅವನು ಗಾಳಿಯನ್ನು ನೋಡಬೇಕು, ತರಗೆಲೆಯ ಮೇಲೆ ಸದ್ದಾಗದಂತೆ ಕಾಲಿಡಬೇಕು, ಸಮೀಪಕ್ಕೆ ಹೋಗಬೇಕು, ಹೋಗಲಾರದಿದ್ದರೆ ಬಿಡಬೇಕು. ಹಳೆಯ ಕಾಡತೂಸಿನ ಕುಂದೇ ಅದನ್ನು ಹಿಡಿದವನಿಗೆ ಗುರುವಾಗುವುದು.

ಆದರೂ ಹಳೆಯವರು ಅರಿಯದ ಒಂದು ದೋಷವನ್ನು ಈ ಕಾಲವು ಅರಿತಿದೆ. ಸೀಸದ ಗುಂಡು ಪ್ರಾಣಿಯ ದೇಹದಲ್ಲಿ ಚೂರಾಗಿ, ಬೇಟೆಗಾರನು ಬಿಟ್ಟುಹೋದ ಕರುಳನ್ನು ತಿನ್ನುವ ಕಾಂಡೋರ್ ಹದ್ದುಗಳಿಗೆ ವಿಷವಾಗುವುದು. ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸವನ್ನು ಪೂರ್ಣವಾಗಿ ನಿಷೇಧಿಸಿದ್ದಾರೆ. ಅದೃಷ್ಟವಶಾತ್ ತಾಮ್ರದ ಗುಂಡು ಹಳೆಯ ಕೋಶದಲ್ಲಿಯೂ ಕೂರುವುದು.

ಕನ್ನಡ ನಾಡಿಗೂ ಹಳೆಯ ಕಾಡತೂಸಿನ ಪರಿಚಯವುಂಟು. ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ನರಭಕ್ಷಕಗಳನ್ನು ಅರಸಿ ಅಲೆದುದು 1904ರಲ್ಲಿ ಹುಟ್ಟಿದ .405 ವಿಂಚೆಸ್ಟರ್ ಕೋವಿಯೊಡನೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ, ಇವೆರಡೂ ಇಲ್ಲಿನ ಬೇಟೆಯನ್ನು ಮುಗಿಸಿದುವು. ಅದು ಯುಕ್ತವೇ ಆಯಿತು. ಆದರೆ ಕೊಡಗಿನಲ್ಲಿ ಕೋವಿ ಉಳಿದಿದೆ. ನಾಟಿಯ ಕೆಲಸ ಮುಗಿದು, ಆಯುಧಗಳನ್ನು ಕೈಗೆ ತೆಗೆದುಕೊಂಡು ಬೇಟೆಗೆ ಹೊರಡುತ್ತಿದ್ದ ದಿನವಾದ ಕೈಲ್ ಮುಹೂರ್ತದಂದು, ಸೆಪ್ಟೆಂಬರಿನ ಮೊದಲಲ್ಲಿ, ಇಂದಿಗೂ ಕೋವಿಗಳನ್ನು ಒರೆಸಿ ಸಾಲಾಗಿಟ್ಟು ಪೂಜಿಸುವರು. ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಕೆಂಪು ಹಳದಿಯ ಕಾಡುಹೂವನ್ನು ಸಿಕ್ಕಿಸುವರು.

ಅತ್ತ ಪೆನ್ಸಿಲ್ವೇನಿಯಾದಲ್ಲಿ ಆ ಗೃಹಸ್ಥನು ಮೂಲೆಯ ಕೋವಿಯನ್ನು ಕೊಂಡು, ಉಳಿದ ಹಣಕ್ಕೆ ನಾಲ್ಕು ಪೆಟ್ಟಿಗೆ ಕಾಡತೂಸನ್ನು ತಂದು, ಬೇಸಗೆಯೆಲ್ಲ ಅಭ್ಯಾಸಮಾಡಿ, ನವೆಂಬರಿನ ಚಳಿಯಲ್ಲಿ ಮರದಡಿ ಕುಳಿತಿರಬಹುದು. ಎದುರಿನ ದಿಣ್ಣೆಯ ಮೇಲೆ, 250 ಗಜದ ದೂರದಲ್ಲಿ, ಜಿಂಕೆಯೊಂದು ತಲೆಯೆತ್ತಿ ನಿಲ್ಲುವುದು. ಅವನು ಕೋವಿಯನ್ನು ಎತ್ತುವುದಿಲ್ಲ. ಅದು ಮರೆಯಾಗುವವರೆಗೂ ನೋಡುತ್ತಿದ್ದು, ಬುತ್ತಿಯನ್ನು ಬಿಚ್ಚಿ, ಗಾಳಿ ಯಾವ ಕಡೆಗೆ ತಿರುಗಿತೆಂದು ಮತ್ತೊಮ್ಮೆ ನೋಡುವನು.