ಇಪ್ಪತ್ತಾರು ಅಂಕಿಯ ಉತ್ತರ

ಜೂನ್ 18, ರಾತ್ರಿ

1980ರಲ್ಲಿ ಇದೇ ತಾರೀಖು. ಲಂಡನ್ನಿನ ಇಂಪೀರಿಯಲ್ ಕಾಲೇಜು. ಕಂಪ್ಯೂಟರ್ ವಿಭಾಗದವರು ಕೊಟ್ಟಿದ್ದು 7,686,369,774,870 ಮತ್ತು 2,465,099,745,779. ನಮ್ಮ ಬೆಂಗಳೂರಿನ ಶಕುಂತಲಾ ದೇವಿ ಗುಣಿಸಿ ಹೇಳಿದ್ದು 18,947,668,177,995,426,462,773,730. 28 ಸೆಕೆಂಡ್.

ಆ 28 ಎಲ್ಲರ ಬಾಯಲ್ಲಿದೆ. ಉತ್ತರ ಎಂಥ ಸಂಖ್ಯೆ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಫೋನಿನಲ್ಲಿ ಗುಣಿಸಿದೆ. ಮೊದಲ ಕೆಲವು ಅಂಕಿ ತೋರಿಸಿ ಬಾಲವನ್ನು ನುಂಗಿಹಾಕಿತು.

ಜೂನ್ 19

ಒಂಬತ್ತರ ತಾಳೆ. ಮೊದಲನೆಯದರ ಅಂಕಿಗಳ ಮೊತ್ತ 78, ಕೊನೆಗೆ 6. ಎರಡನೆಯದು 74, ಕೊನೆಗೆ 2. ಆರೆರಡ್ಲ ಹನ್ನೆರಡು, ಅಂದರೆ 3. ಉತ್ತರದ ಮೊತ್ತ 138. ಒಂದು, ಮೂರು, ಎಂಟು ಹನ್ನೆರಡು, ಅದೂ 3. ತಾಳೆಯಾಯಿತು. ಆದರೆ ಎರಡು ಅಂಕಿ ಅದಲುಬದಲಾಗಿದ್ದರೂ ಈ ತಾಳೆ ಸುಮ್ಮನಿರುತ್ತದೆ.

ಜೂನ್ 20, ಮಧ್ಯಾಹ್ನ

ಲಕ್ಷ-ಕೋಟಿಯ ಅಲ್ಪವಿರಾಮ ಇಲ್ಲಿ ಬೇಡ. ಮೂರು ಮೂರಂಕಿಯ ಗುಂಪೇ ಸರಿ, ಯಾಕೆಂದರೆ 1001 ಅಂದರೆ 7×11×13, ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು. ಬಲದಿಂದ ಒಂದು ಬಿಟ್ಟು ಒಂದು ಕಳೆದು ಕೂಡಿಸಿದೆ: 730−773+462−426+995−177+668−947+18. ಬಂದದ್ದು 550. ಹನ್ನೊಂದಕ್ಕೆ ಸರಿಯಾಗಿ ಹೋಗುತ್ತದೆ! ಏಳಕ್ಕೆ, ಹದಿಮೂರಕ್ಕೆ ಇಲ್ಲ. ಎರಡರಲ್ಲೂ ಶೇಷ 4.

"ಸಾಮಾನಿನ ಲೆಕ್ಕ ಬರೆದಿಲ್ಲ, ಇದ್ಯಾವ ಲೆಕ್ಕ ರೀ?" ಅಂದಳು ಹೆಂಡತಿ. ಉತ್ತರ ಹೊಳೆಯಲಿಲ್ಲ.

ಜೂನ್ 21

ಈ ಗುಣಲಬ್ಧದ ಅರ್ಧ, ಮೂರನೇ ಒಂದು, ಆರನೇ ಒಂದು ಕೂಡಿದರೆ ಇದೇ ಸಂಖ್ಯೆ. ಮೇಲೆ ಐದನೇ ಒಂದು ಬೇರೆ. ಭಾಜಕಗಳ ಮೊತ್ತ ತನ್ನನ್ನೇ ಮೀರುವ ಜಾತಿ. ಆರರಂತೆ ಪರಿಪೂರ್ಣವಲ್ಲ, ತುಂಬಿ ಚೆಲ್ಲುವಂಥದ್ದು. ವರ್ಗವೂ ಅಲ್ಲ: ಸಮ ಸಂಖ್ಯೆ, ಆದರೆ ನಾಲ್ಕಕ್ಕೆ ಹೋಗದು.

ರಾತ್ರಿ

ದೇವಲಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ತಮ್ಮದೇ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗಳನ್ನು 'ಹರ್ಷದ' ಎಂದರು. ಇದು ಆ ಸಾಲಿಗೆ ಸೇರಲಿ ಅಂತ ಯಾಕೋ ಆಸೆ. 138 ಅಂದರೆ 2×3×23. ಎರಡು, ಮೂರು ಸರಿ. 23ಕ್ಕೆ ಭಾಗಿಸಿದೆ. ಶೇಷ 3. ಛೆ.

ಜೂನ್ 23

ಕೊಟ್ಟ ಎರಡು ಸಂಖ್ಯೆಗಳಿಂದ 2, 3, 5, 11 ತೆಗೆದ ಮೇಲೆ ಎರಡು ಹನ್ನೆರಡಂಕಿಯವು ಉಳಿದವು: 256,212,325,829 ಮತ್ತು 224,099,976,889. 47ರವರೆಗೆ ಯಾವ ಅವಿಭಾಜ್ಯಕ್ಕೂ ಜಗ್ಗಲಿಲ್ಲ. ದೊಡ್ಡದರ ವರ್ಗಮೂಲದವರೆಗೆ ಹೋಗಬೇಕು, ಅಂದರೆ 5,06,174ರ ತನಕ.

ಆ ಕೊನೆಯ ನಾಲ್ಕಂಕಿ, 6174! ಯಾವ ನಾಲ್ಕಂಕಿಯನ್ನಾದರೂ (ನಾಲ್ಕೂ ಒಂದೇ ಆಗಿರಬಾರದು) ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯುತ್ತಾ ಹೋದರೆ ಏಳು ಸುತ್ತಿನೊಳಗೆ ಬಂದು ನಿಲ್ಲುವ ಕಾಪ್ರೇಕರರ ಸಂಖ್ಯೆ. ಬರೀ ಕಾಕತಾಳೀಯ. ಆದರೂ ನಿದ್ದೆ ಬರಲಿಲ್ಲ.

ಜೂನ್ 24

"ಅಪ್ಪಾ, ಕಂಪ್ಯೂಟರಿಗೆ ಹಾಕಿದ್ರೆ ಕ್ಷಣದಲ್ಲಿ ಒಡೆದು ಕೊಡುತ್ತೆ," ಅಂದಳು ಮಗಳು. ಬೇಡ ಅಂದೆ. ಹಠವೋ, ಬಿಗುಮಾನವೋ. ಅವಳು ನಕ್ಕು ಹೋದಳು.

ಮುಂದಿನದು 53.